18ನೇ ಹೆಜ್ಜೆಯಲ್ಲಿ 16 ಉಳಿಯುತ್ತಿದೆ, ತಪ್ಪು ನನ್ನದೋ ಸಂಖ್ಯೆಯದೋ?

ಹಳೆಯ ಕ್ಯಾಷಿಯರ್, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ಗಣಿತ ಓದಿದವಳಲ್ಲ. ಬಿ.ಕಾಂ. ಮುಗಿಸಿ ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ನೋಟು ಎಣಿಸಿದವಳು. ಆದ್ದರಿಂದ ಉತ್ತರಿಸುವವರು ಸೂತ್ರಗಳನ್ನು ತಲೆಯ ಮೇಲೆ ಸುರಿಯದೆ, ಕೂಡುವುದು, ಕಳೆಯುವುದು, ಭಾಗಿಸುವುದರಲ್ಲೇ ಹೇಳಿದರೆ ಉಪಕಾರ.

ಮೊಮ್ಮಗ ಎಂಟನೇ ತರಗತಿಯಲ್ಲಿದ್ದಾನೆ. ಹೋದ ಭಾನುವಾರ ಬಂದವನು ಒಂದು ಒಗಟು ಹಾಕಿದ. 1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿ ಒಂಬತ್ತು ಅಂಕಿಯ ಸಂಖ್ಯೆಯೊಂದನ್ನು ಬರೆಯಬೇಕು. ಅದರ ಮೊದಲ ಎರಡು ಅಂಕಿ ಸೇರಿದ ಸಂಖ್ಯೆ 2ರಿಂದ, ಮೊದಲ ಮೂರು ಸೇರಿದ್ದು 3ರಿಂದ, ಮೊದಲ ನಾಲ್ಕು 4ರಿಂದ, ಹೀಗೆ ಒಂಬತ್ತರವರೆಗೂ ಶೇಷ ಉಳಿಯದೆ ಭಾಗವಾಗಬೇಕು. ಐದನೆಯ ಜಾಗದಲ್ಲಿ 5 ಇರಲೇಬೇಕು, ಎರಡು, ನಾಲ್ಕು, ಆರು, ಎಂಟನೆಯ ಜಾಗಗಳಲ್ಲಿ ಸಮ ಅಂಕಿಗಳೇ ಬರಬೇಕು ಎಂದು ಹಿಡಿದು ಹೊರಟೆ. ಸಾಯಂಕಾಲದ ಕಾಫಿ ಆರಿಹೋಗುವಷ್ಟರಲ್ಲಿ 381654729 ಸಿಕ್ಕಿತು. ಉತ್ತರ ಅದೊಂದೇ ಅಂತೆ. ನಾನು ಬೀಗುತ್ತಿದ್ದೆ. ಅವನು, "ಅಜ್ಜಿ, ಇದು ಚಿಕ್ಕದು. ಅಂಕಿ ಮತ್ತೆ ಮತ್ತೆ ಬರಬಹುದು, ಸೊನ್ನೆಯೂ ಬರಬಹುದು ಎಂದಾದರೆ 25 ಅಂಕಿಯವರೆಗೆ ಹೋಗುತ್ತದೆ. ಅದಕ್ಕಿಂತ ಉದ್ದದ್ದು ಇಲ್ಲವೇ ಇಲ್ಲ" ಎಂದು ಔಷಧಿ ಅಂಗಡಿಯ ಬಿಲ್ಲಿನ ಹಿಂದೆ ಸಣ್ಣಗೆ ಗೀಚಿಕೊಟ್ಟು ಹೋದ.

ಯಾರೋ ಹೇಳಿದ ಮೊತ್ತವನ್ನು ಎಣಿಸದೆ ಒಪ್ಪುವ ಅಭ್ಯಾಸ ನನಗಿಲ್ಲ. ಅದನ್ನು ಉದ್ದ ಗೆರೆಯ ಪುಸ್ತಕಕ್ಕೆ ಇಳಿಸಿಕೊಂಡು ಕುಳಿತೆ. ಓದಲು ಅನುಕೂಲವಾಗಲಿ ಎಂದು ಐದೈದು ಅಂಕಿ ಬಿಡಿಸಿ ಬರೆಯುತ್ತಿದ್ದೇನೆ:

36085 28850 36840 07680 36725

ಮನೆಯ ಕ್ಯಾಲ್ಕುಲೇಟರ್ 12 ಅಂಕಿ ದಾಟಿದರೆ ಕೈ ಎತ್ತುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಪೆನ್ಸಿಲ್, ರಬ್ಬರ್, ಉದ್ದ ಭಾಗಾಕಾರ. 17ನ್ನು ಮಾಡಿ ಮುಗಿಸುವ ಹೊತ್ತಿಗೆ ಕೃಷ್ಣರಾವ್ ಪಾರ್ಕಿನ ಬೆಳಗಿನ ನಡಿಗೆ ಎರಡು ದಿನ ತಪ್ಪಿತ್ತು. ಆದರೂ ಒಂದರಿಂದ 17ರವರೆಗೆ ಪ್ರತಿಯೊಂದೂ ಸೊನ್ನೆಗೆ ಬಂದು ನಿಂತಾಗ ಆದ ಖುಷಿಯೇ ಬೇರೆ.

18ರಲ್ಲಿ ಎಡವಟ್ಟಾಯಿತು. ಮೊದಲ 18 ಅಂಕಿಗಳನ್ನು 18ರಿಂದ ಭಾಗಿಸಿದರೆ 16 ಉಳಿಯುತ್ತದೆ. ಮೂರು ಸಲ ಮಾಡಿದೆ, ಮೂರು ಸಲವೂ 16. ಸರಿ, ಮೊಮ್ಮಗ ಸುಳ್ಳು ಹೇಳಿದ ಎಂದು ಬಿಡೋಣವೆಂದರೆ ಮುಂದಿನದು ಇನ್ನೂ ವಿಚಿತ್ರ. 19ರಲ್ಲಿ 1 ಉಳಿಯಿತು. 20ರಲ್ಲಿ ಸೊನ್ನೆ! 21ರಲ್ಲಿ 6, 22ರಲ್ಲಿ 18, 23ರಲ್ಲಿ 21. ಆಮೇಲೆ 24 ಮತ್ತು 25 ಎರಡೂ ಮತ್ತೆ ಸೊನ್ನೆ. ಕೆಟ್ಟ ಸಂಖ್ಯೆಯಾದರೆ ಪೂರ್ತಿ ಕೆಡಬೇಕು. ನಡುವೆ ಕೆಟ್ಟು, ಒಂದು ಕಡೆ ಸರಿಹೋಗಿ, ಮತ್ತೆ ಕೆಟ್ಟು, ಕೊನೆಗೆ ಸರಿಯಾಗುವುದು ಎಂದರೇನು? ನನ್ನ ಭಾಗಾಕಾರ ತಪ್ಪೇ, ಸಂಖ್ಯೆಯೇ ತಪ್ಪೇ? ಮೊಮ್ಮಗನನ್ನು ಕೇಳಲು ಮನಸ್ಸಿಲ್ಲ. ಮುಂದಿನ ಭಾನುವಾರದೊಳಗೆ ಗೊತ್ತಾದರೆ ಒಳ್ಳೆಯದು.

ಮಲ್ಲೇಶ್ವರದ ಓದುಗ

ಅಮ್ಮ, ಬೇಸರಿಸಬೇಡಿ. ಈ ಸಂಖ್ಯೆಯಿಂದ ಯಾರಿಗೆ ಏನು ಪ್ರಯೋಜನ? ಕಂಪ್ಯೂಟರಿಗೆ ಕೊಟ್ಟರೆ ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತದೆ. ಅದಕ್ಕಾಗಿ ಪಾರ್ಕಿನ ನಡಿಗೆ ತಪ್ಪಿಸಿಕೊಳ್ಳುವುದೇ?

ಹಳೆಯ ಕ್ಯಾಷಿಯರ್, ಬಸವನಗುಡಿ

ಪ್ರಯೋಜನ ಏನೂ ಇಲ್ಲ ಸ್ವಾಮಿ. ಎದುರುಮನೆಯವರು ಮಧ್ಯಾಹ್ನ ಧಾರಾವಾಹಿ ನೋಡುತ್ತಾರೆ, ನಾನು ಭಾಗಿಸುತ್ತೇನೆ.

ವಿಜಯನಗರದ ಮೇಷ್ಟರು

ನಿಮ್ಮ ಭಾಗಾಕಾರದಲ್ಲಿ ಒಂದೇ ಒಂದು ತಪ್ಪೂ ಇಲ್ಲ. ಶೇಷಗಳನ್ನೆಲ್ಲ ನೋಡಿದೆ, 16, 1, 6, 18, 21 ಎಲ್ಲವೂ ಸರಿ. ತಪ್ಪಿರುವುದು ಸಂಖ್ಯೆಯನ್ನು ಇಳಿಸಿಕೊಂಡದ್ದರಲ್ಲಿ. ಆ ಬಿಲ್ಲು ನನ್ನ ಮುಂದಿಲ್ಲ, ಆದರೂ ಅದರಲ್ಲಿ ಏನಿದೆ ಎಂದು ಹೇಳಬಲ್ಲೆ. ಈ ಸಂಖ್ಯೆಯ ಸೊಗಸೇ ಅದು.

ಹತ್ತನೆಯ ಜಾಗ ದಾಟಿದ ಮೇಲೆ ಯಾವ ಜಾಗದಲ್ಲೂ ನಮಗೆ ಆಯ್ಕೆ ಇರುವುದಿಲ್ಲ. 18ನ್ನೇ ತೆಗೆದುಕೊಳ್ಳಿ. ಮೊದಲ 17 ಅಂಕಿಗಳು ಗಟ್ಟಿಯಾಗಿ ಕುಳಿತಿವೆ. ಹದಿನೆಂಟನೆಯದಾಗಿ 0ಯಿಂದ 9ರವರೆಗೆ ಯಾವುದನ್ನಾದರೂ ಹಾಕಬಹುದು, ಅಂದರೆ ಸಾಲಾಗಿ ಬರುವ ಹತ್ತು ಸಂಖ್ಯೆಗಳು. 18ರ ಮಗ್ಗಿ 18 ಹೆಜ್ಜೆಗೊಂದು ಸಲ ಬರುತ್ತದೆ. ಹತ್ತು ಸಂಖ್ಯೆಗಳ ಸಾಲಿನಲ್ಲಿ ಅದು ಹೆಚ್ಚೆಂದರೆ ಒಮ್ಮೆ ಬರಬಹುದು, ಬಾರದೆಯೂ ಇರಬಹುದು. ನೀವು ಅಲ್ಲಿ 6 ಹಾಕಿದಾಗ 16 ಉಳಿಯಿತು. ಇನ್ನೂ 2 ಸೇರಿಸಿದರೆ 18 ಪೂರ್ತಿಯಾಗುತ್ತದೆ. ಆದ್ದರಿಂದ ಅಲ್ಲಿ ಇರಬೇಕಾದದ್ದು 8. ಬೇರೆ ಯಾವ ಅಂಕಿಯೂ ಸಾಧ್ಯವಿಲ್ಲ.

8 ಹಾಕಿ ಅಂಕಿಗಳನ್ನೆಲ್ಲ ಕೂಡಿ. 81 ಬರುತ್ತದೆ, 9ರ ಮಗ್ಗಿಯದು. ಕೊನೆಯ ಅಂಕಿ ಸಮ. 18ಕ್ಕೆ ಇಷ್ಟೇ ಸಾಕು, ಉದ್ದ ಭಾಗಾಕಾರವೇ ಬೇಡ. ನಿಮ್ಮ ಪುಸ್ತಕದಲ್ಲಿ ಮೊತ್ತ 79 ಆಗಿರುತ್ತದೆ.

ಈಗ ಹತ್ತೊಂಬತ್ತನೆಯ ಅಂಕಿ. ಸರಿಪಡಿಸಿದ 18 ಅಂಕಿಗಳನ್ನು 19ರಿಂದ ಭಾಗಿಸಿದರೆ 7 ಉಳಿಯುತ್ತದೆ. ಮುಂದೆ ಒಂದು ಅಂಕಿ ಇಳಿಸಿದರೆ ಎಪ್ಪತ್ತು ಚಿಲ್ಲರೆ. ಎಪ್ಪತ್ತರಿಂದ ಎಪ್ಪತ್ತೊಂಬತ್ತರೊಳಗೆ 19ರ ಮಗ್ಗಿಯಲ್ಲಿ ಬರುವುದು 76 ಒಂದೇ. ಆದ್ದರಿಂದ ಅಲ್ಲಿ 6. ಅಂದರೆ ಬಿಲ್ಲಿನಲ್ಲಿ 86 ಇದೆ, ನೀವು 68 ಎಂದು ಇಳಿಸಿಕೊಂಡಿದ್ದೀರಿ. ಸರಿಯಾದದ್ದು ಇದು:

36085 28850 36840 07860 36725

ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲೇ ಇರುತ್ತದೆ. ಇದನ್ನು ಕ್ಯಾಷ್ ಕೌಂಟರಿನಲ್ಲಿ ಕುಳಿತಿದ್ದವರಿಗೆ ನಾನು ಹೇಳಿಕೊಡುವುದು ಅಧಿಕಪ್ರಸಂಗವಾದೀತು. ಇಲ್ಲಿ ವ್ಯತ್ಯಾಸ 86 ಕಳೆ 68, ಅಂದರೆ 18. ನಡುವೆ ಕೆಟ್ಟು ಮತ್ತೆ ಸರಿಹೋದದ್ದಕ್ಕೂ ಕಾರಣ ಈ 18. ಇಪ್ಪತ್ತನೆಯ ಜಾಗಕ್ಕೆ ಬಂದಾಗ ತಪ್ಪು 180 ಆಗಿ ಬೆಳೆದಿರುತ್ತದೆ. 180ರಲ್ಲಿ 20 ಒಂಬತ್ತು ಸಲ ಹೋಗುತ್ತದೆ, ಆದ್ದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ. 21ಕ್ಕೆ ಬಂದಾಗ ತಪ್ಪು 1800. ಅದನ್ನು 21ರಿಂದ ಭಾಗಿಸಿದರೆ 15 ಉಳಿಯುತ್ತದೆ. ನಿಮ್ಮ ಸಂಖ್ಯೆ ಅಷ್ಟು ಕಡಿಮೆಯಿರುವುದರಿಂದ 21ರಲ್ಲಿ 15 ಹೋಗಿ ನಿಮಗೆ 6 ಕಂಡಿತು. 24ರಲ್ಲಿ ತಪ್ಪು 18 ಲಕ್ಷ. ಅದು 24ರಿಂದಲೂ ಸರಿಯಾಗಿ ಭಾಗವಾಗುತ್ತದೆ, ಮುಂದಿನ ಹೆಜ್ಜೆಯ ಒಂದು ಕೋಟಿ 80 ಲಕ್ಷ 25ರಿಂದಲೂ ಭಾಗವಾಗುತ್ತದೆ. ತಪ್ಪು ಎಲ್ಲಿಗೂ ಹೋಗಿರಲಿಲ್ಲ, ಬಾಗಿಲ ಮರೆಯಲ್ಲಿ ನಿಂತಿತ್ತು.

ಇನ್ನೊಂದು ಮಾತು. 13ಕ್ಕೆ ಉದ್ದ ಭಾಗಾಕಾರ ಮಾಡಿ ಪೆನ್ಸಿಲ್ ಸವೆಸಬೇಡಿ. 7, 11, 13 ಗುಣಿಸಿದರೆ 1001. ಆದ್ದರಿಂದ ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿ, ಒಂದನ್ನು ಕೂಡಿ ಒಂದನ್ನು ಕಳೆಯುತ್ತಾ ಹೋಗಿ. ಮೊದಲ 13 ಅಂಕಿಗಳು 3, 608, 528, 850, 368. 368ರಿಂದ 850 ಕಳೆದು, 528 ಕೂಡಿ, 608 ಕಳೆದು, 3 ಕೂಡಿದರೆ 559 ಸಾಲ ನಿಲ್ಲುತ್ತದೆ. 559 ಎಂದರೆ 13 ಇಂಟು 43. ಮುಗಿಯಿತು. ಇದೇ ಉಪಾಯ 14ಕ್ಕೂ 21ಕ್ಕೂ 22ಕ್ಕೂ ನಡೆಯುತ್ತದೆ. 17, 19, 23 ಮಾತ್ರ ಹಟಮಾರಿಗಳು, ಅವಕ್ಕೆ ಒಂದೊಂದೇ ಅಂಕಿ ಇಳಿಸುತ್ತಾ ಹೋಗಬೇಕು.

ಹಳೆಯ ಕ್ಯಾಷಿಯರ್, ಬಸವನಗುಡಿ

ಮೇಷ್ಟರೇ, ಕನ್ನಡಕ ಹಾಕಿಕೊಂಡು ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹುಡುಗ ಸರಿಯಾಗಿಯೇ ಬರೆದಿದ್ದಾನೆ. 786.

ನಾಚಿಕೆಗೆ ಎರಡು ಕಾರಣ. ಒಂದು, ನೀವು ಹೇಳಿದ 9ರ ಲೆಕ್ಕ. ಸಂಜೆ ಕ್ಯಾಷ್ ತಾಳೆಯಾಗದಿದ್ದರೆ, ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಎಂದು ಮೊದಲು ನೋಡುವುದು ನಮ್ಮ ಕಸುಬಿನ ಓನಾಮ. 540 ರೂಪಾಯಿ ಕಡಿಮೆ ಬಂದರೆ ಯಾರೋ 1,710ನ್ನು 1,170 ಎಂದು ಬರೆದಿರುತ್ತಾರೆ ಎಂದು ವೋಚರ್ ಕಟ್ಟು ಬಿಚ್ಚುತ್ತಿದ್ದೆವು. ಎಷ್ಟು ಜನ ಹೊಸ ಹುಡುಗರಿಗೆ ಇದನ್ನು ಹೇಳಿಕೊಟ್ಟು, ಜೊತೆಗೆ ಬೈದೂ ಇದ್ದೇನೆ! ಎರಡನೆಯದು 786. ನಾನು ಏಳು ವರ್ಷ ಶಿವಾಜಿನಗರದ ಹತ್ತಿರದ ಶಾಖೆಯಲ್ಲಿದ್ದೆ. ನೋಟಿನ ನಂಬರಿನಲ್ಲಿ 786 ಇದ್ದರೆ ಶುಭವೆಂದು ಕೇಳಿ ಪಡೆಯುವ ಗ್ರಾಹಕರು ಎಷ್ಟೋ ಜನರಿದ್ದರು. ಕಟ್ಟು ಬಿಡಿಸುವಾಗ ಕಣ್ಣಿಗೆ ಬಿದ್ದರೆ ಪಕ್ಕಕ್ಕೆ ಎತ್ತಿಟ್ಟು ಕೊಡುತ್ತಿದ್ದೆ. ಹಬ್ಬದ ದಿನ ಒಬ್ಬರು ಅದಕ್ಕೆ ಪ್ರತಿಯಾಗಿ ಡಬ್ಬಿಯ ತುಂಬ ಶೀರ್ ಕುರ್ಮಾ ತಂದಿದ್ದರು. ಅಂಥ ಮೂರು ಅಂಕಿಗಳನ್ನೇ ತಿರುವಿ ಬರೆದೆನಲ್ಲ!

ಸರಿ, ಈಗ ಎರಡನೆಯ ಪ್ರಶ್ನೆ. 25ಕ್ಕೆ ಏಕೆ ನಿಲ್ಲಬೇಕು? ಯಾರಾದರೂ ಇನ್ನೂ ಹುಡುಕಿದರೆ 30 ಅಂಕಿಯದು ಸಿಗಲಾರದೆಂದು ಹೇಗೆ ಎದೆ ತಟ್ಟಿ ಹೇಳುತ್ತಾರೆ?

ನೇರಳೆ ಮಾರ್ಗದ ಪ್ರಯಾಣಿಕ

ನಮಸ್ಕಾರ ಅಮ್ಮ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್‌ಗೆ ಬರುವಾಗ ಮೆಟ್ರೊದಲ್ಲಿ ಸೀಟು ಸಿಕ್ಕಿತ್ತು. ನಿಮ್ಮ ಪ್ರಶ್ನೆ ಓದಿ ಹತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಮೊದಲು ನನ್ನ ಮಾನವೂ ಹೋಯಿತೆಂದು ಹೇಳಿಬಿಡುತ್ತೇನೆ. ನಾನು ಬಳಸಿದ ಭಾಷೆಯಲ್ಲಿ ಮಾಮೂಲಿ ಪೂರ್ಣಾಂಕಕ್ಕೆ 64 ಬಿಟ್ ಜಾಗ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 18446744073709551615. ಈ ಸಂಖ್ಯೆಯ ಮೊದಲ 20 ಅಂಕಿಗಳು, 36085288503684007860, ಅದರ ಸುಮಾರು ಎರಡರಷ್ಟು. ನೀವು 18ರಲ್ಲಿ ಎಡವಿದಿರಿ, ನನ್ನ ಲ್ಯಾಪ್‌ಟಾಪ್ 20ರಲ್ಲಿ ತುಳುಕಿತು. "ಕಣ್ಣು ಮಿಟುಕಿಸುವುದರಲ್ಲಿ" ಎಂದ ಮಲ್ಲೇಶ್ವರದವರು ಗಮನಿಸಬೇಕು. ಎಷ್ಟು ಉದ್ದದ ಸಂಖ್ಯೆಯನ್ನಾದರೂ ಇಟ್ಟುಕೊಳ್ಳುವ ಭಾಷೆಗೆ ಬದಲಾಯಿಸಿದ ಮೇಲೆ ಎಲ್ಲವೂ ಸುಸೂತ್ರ.

ಪ್ರೋಗ್ರಾಮ್ ಮಾಡುವುದು ಇಷ್ಟೇ. ಒಂದಂಕಿಯ ಒಂಬತ್ತು ಸಂಖ್ಯೆಗಳಿಂದ ಶುರು. ಪ್ರತಿಯೊಂದರ ಬಾಲಕ್ಕೂ ಹತ್ತು ಅಂಕಿಗಳನ್ನು ಹಚ್ಚಿ ನೋಡಿ, ನಿಯಮಕ್ಕೆ ಒಪ್ಪಿದವನ್ನು ಉಳಿಸಿಕೊಂಡು ಉಳಿದದ್ದನ್ನು ಎಸೆಯುವುದು. ಎರಡಂಕಿಯವು 45, ಮೂರಂಕಿಯವು 150, ನಾಲ್ಕಂಕಿಯವು 375, ಹೀಗೆ ಏರುತ್ತಾ ಒಂಬತ್ತು ಅಂಕಿಗೆ 2492 ಆಗುತ್ತದೆ. ಹತ್ತು ಅಂಕಿಗೂ ಸರಿಯಾಗಿ 2492. ಮೊದಲು ಪ್ರೋಗ್ರಾಮಿನ ದೋಷ ಎಂದುಕೊಂಡೆ. ಆಮೇಲೆ ಹೊಳೆಯಿತು, ಹತ್ತನೆಯ ಜಾಗದಲ್ಲಿ ಸೊನ್ನೆ ಬಿಟ್ಟರೆ ಬೇರೇನೂ ಬಾರದು, ಆದ್ದರಿಂದ ಪ್ರತಿಯೊಂದಕ್ಕೂ ಒಂದೇ ಮರಿ. ಅದು ಬೆಟ್ಟದ ತುದಿ. 11ರಿಂದ ಇಳಿಜಾರು. ಮೇಷ್ಟರು ಹೇಳಿದಂತೆ ಅಲ್ಲಿಂದ ಮುಂದೆ ಹೆಚ್ಚೆಂದರೆ ಒಂದು ಮರಿ, ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. 20 ಅಂಕಿಗೆ ಬರುವಾಗ 44 ಉಳಿದಿರುತ್ತವೆ. ನಂತರ 18, 12, 6, 3, 1. ಆಮೇಲೆ ಸೊನ್ನೆ. ಒಂದಂಕಿಯಿಂದ ಹಿಡಿದು ಎಲ್ಲವನ್ನೂ ಕೂಡಿದರೆ 20456.

ಎದೆ ತಟ್ಟಿ ಹೇಳುವುದು ಇದರಿಂದಲೇ. 30 ಅಂಕಿಯದೊಂದು ಇದ್ದಿದ್ದರೆ ಅದರ ಮೊದಲ 26 ಅಂಕಿಗಳೂ ಇದೇ ನಿಯಮ ಪಾಲಿಸಬೇಕಿತ್ತು. 26 ಅಂಕಿಯ ಪಟ್ಟಿಯೇ ಖಾಲಿ. ವಂಶ ನಿಂತ ಮೇಲೆ ಮೊಮ್ಮಕ್ಕಳು ಎಲ್ಲಿಂದ?

ಪ್ರೋಗ್ರಾಮ್ ಇಲ್ಲದೆಯೂ ಒಂದು ಒರಟು ಅಂದಾಜು ಸಿಗುತ್ತದೆ. 9ರಿಂದ ಶುರುಮಾಡಿ, ಪ್ರತಿ ಹೆಜ್ಜೆಯಲ್ಲೂ 10ರಿಂದ ಗುಣಿಸಿ ಆ ಹೆಜ್ಜೆಯ ಸಂಖ್ಯೆಯಿಂದ ಭಾಗಿಸುತ್ತಾ ಹೋಗಿ. 10 ಅಂಕಿಗೆ 2480 ಬರುತ್ತದೆ, ನಿಜವಾದದ್ದು 2492. 20ಕ್ಕೆ 37 ಬರುತ್ತದೆ, ನಿಜವಾದದ್ದು 44. 25ಕ್ಕೆ ಸುಮಾರು 0.58. ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಂಖ್ಯೆ ಇರಬೇಕಿತ್ತು, ಒಂದು ಪೂರ್ತಿ ಸಿಕ್ಕಿತು. ನಮ್ಮ ಅದೃಷ್ಟ.

ವಿಜಯನಗರದ ಮೇಷ್ಟರು

ಪ್ರಯಾಣಿಕರು ಚೆನ್ನಾಗಿ ಹೇಳಿದ್ದಾರೆ. ಕೊನೆಯ ಮೂರರ ಕಥೆಯನ್ನು ಮಾತ್ರ ನಾನು ಹೇಳುತ್ತೇನೆ, ಅದನ್ನು ಬಾಯಿಲೆಕ್ಕದಲ್ಲೇ ನೋಡಬಹುದು. 24 ಅಂಕಿಗೆ ಬಂದು ತಲುಪಿದವು ಇವು:

144408645048225636603816
360852885036840078603672
402852168072900828009216

25ರಿಂದ ಭಾಗವಾಗಬೇಕಾದರೆ ಕೊನೆಯ ಎರಡು ಅಂಕಿ 00, 25, 50 ಅಥವಾ 75 ಆಗಿರಬೇಕು. ಮೊದಲನೆಯದೂ ಮೂರನೆಯದೂ 6ರಲ್ಲಿ ಮುಗಿಯುತ್ತವೆ. ಅವುಗಳ ಮುಂದೆ ಏನೇ ಬರೆದರೂ ಅರವತ್ತು ಚಿಲ್ಲರೆ, ಅಲ್ಲಿಗೆ ದಾರಿ ಮುಚ್ಚಿತು. ನಡುವಿನದು 2ರಲ್ಲಿ ಮುಗಿಯುತ್ತದೆ, 5 ಹಚ್ಚಿದರೆ 25. ಮೂವರಲ್ಲಿ ಒಬ್ಬ ಬಾಗಿಲು ದಾಟಿದ.

ಅವನೇಕೆ 26ನ್ನು ದಾಟಲಿಲ್ಲ? ನಿಮ್ಮ 25 ಅಂಕಿಯ ಸಂಖ್ಯೆಯನ್ನು 26ರಿಂದ ಭಾಗಿಸಿದರೆ 9 ಉಳಿಯುತ್ತದೆ. ಮುಂದೆ ಒಂದು ಸೊನ್ನೆ ಹಚ್ಚಿದರೆ ಶೇಷ 90, ಅದರಲ್ಲಿ 78 ಕಳೆದರೆ 12. 26 ಪೂರ್ತಿಯಾಗಲು ಇನ್ನೂ 14 ಬೇಕು. 14 ಎಂಬ ಒಂಟಿ ಅಂಕಿ ನಮ್ಮಲ್ಲಿಲ್ಲ. ಅಷ್ಟೇ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ಯಾರೂ ಕೇಳದ ಪಾಠ. ನೀವು ಶಿವಾಜಿನಗರಕ್ಕೆ ಹೋಗುವಾಗ ನೃಪತುಂಗ ರಸ್ತೆಯನ್ನು ಎಷ್ಟೋ ಸಲ ನೋಡಿರುತ್ತೀರಿ. ಆ ನೃಪತುಂಗ, ಅಂದರೆ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಗಣಿತಸಾರಸಂಗ್ರಹವನ್ನು ಬರೆದ. ಅದರಲ್ಲಿ ಏಕ, ದಶ, ಶತದಿಂದ ಹಿಡಿದು 24 ಸ್ಥಾನಗಳಿಗೆ ಹೆಸರಿದೆ. ಕೋಟಿ, ಅರ್ಬುದ, ಪದ್ಮ, ಶಂಖ, ಕ್ಷಿತಿ ಎಲ್ಲ ದಾಟಿ ಕೊನೆಯದು ಮಹಾಕ್ಷೋಭ. ನಿಮ್ಮ ಸಂಖ್ಯೆಗೆ 25 ಸ್ಥಾನ. ಮಹಾವೀರಾಚಾರ್ಯನ ಹೆಸರುಗಳ ಪಟ್ಟಿಯಿಂದ ಒಂದೇ ಅಂಕಿ ಆಚೆ ಚಾಚಿದೆ! ಆದ್ದರಿಂದ "ಮೂವತ್ತಾರು ಮಹಾಕ್ಷೋಭ, ಎಂಟು ಮಹಾಕ್ಷಿತಿ, ಐದು ಕ್ಷಿತಿ" ಎಂದು ಶುರುಮಾಡಬೇಕಾಗುತ್ತದೆ. ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ, ಆಮೇಲೆ ಮನೆಗೆ ಹೋಗಿ ಅಪ್ಪನ ಸಂಬಳವನ್ನು ಮಹಾಕ್ಷೋಭದಲ್ಲಿ ಕೇಳುತ್ತಾರೆ.

ಮಲ್ಲೇಶ್ವರದ ಓದುಗ

ಪ್ರಯೋಜನವಿಲ್ಲ ಎಂದವನು ನಾನೇ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಹಾಲಿನ ಚೀಟಿಯ ಹಿಂದೆ 23ರಿಂದ ಭಾಗಿಸುತ್ತಿದ್ದೆ. ಕೊನೆಯಲ್ಲಿ 207 ಉಳಿದು, 23 ಒಂಬತ್ತಲಿ 207 ಎಂದು ಸೊನ್ನೆಯಾಯಿತು. ಇಷ್ಟೇ ಹೇಳಲು ಬಂದೆ.

ಹಳೆಯ ಕ್ಯಾಷಿಯರ್, ಬಸವನಗುಡಿ

ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ 18ರಿಂದ 25ರವರೆಗೆ ಹೊಸದಾಗಿ ಮಾಡಿದೆ. ಎಂಟೂ ಸೊನ್ನೆ. 21ಕ್ಕೆ ಮೇಷ್ಟರ ಮೂರು ಮೂರು ಅಂಕಿಯ ಉಪಾಯ ಹಿಡಿದೆ, 1722 ಬಂತು, ಏಳು 246ಲಿ 1722. ಅಂಕಿಗಳನ್ನು ಕೂಡಿದರೆ 90, ಮೂರಕ್ಕೂ ಸರಿ. ಎರಡು ದಿನದ ಕೆಲಸ ಎರಡು ನಿಮಿಷಕ್ಕೆ ಇಳಿಯಿತು. ನಾಳೆಯಿಂದ ಪಾರ್ಕಿಗೆ ಹೋಗಬಹುದು.

ಪುಸ್ತಕದಲ್ಲಿ 68ನ್ನು ರಬ್ಬರಿನಿಂದ ಅಳಿಸಿಲ್ಲ. ಬ್ಯಾಂಕಿನಲ್ಲಿ ಅಂಕಿಯನ್ನು ಅಳಿಸುವಂತಿರಲಿಲ್ಲ, ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕಿತ್ತು. ಹಾಗೆಯೇ ಕೆಂಪು ಶಾಯಿಯಲ್ಲಿ 86 ಬರೆದು ಸಹಿ ಹಾಕಿದ್ದೇನೆ. ಭಾನುವಾರ ಮೊಮ್ಮಗ ಬಂದರೆ ಮೊದಲು ಆ ಪುಟವೇ ಅವನ ಕಣ್ಣಿಗೆ ಬೀಳುತ್ತದೆ. ಬೀಳಲಿ ಬಿಡಿ. ಅವನು ನಕ್ಕು ಮುಗಿಸಿದ ಮೇಲೆ ಹದಿನಾಲ್ಕು ಎಂಬ ಅಂಕಿಯನ್ನು ಹುಡುಕಿಕೊಂಡು ಬಾ ಎಂದು ಕಳುಹಿಸುತ್ತೇನೆ.